ಆರ್ಕುಟ್: ಒಂದು ಸ್ನೇಹಜಾಲದ ಉಗಮ, ವಿಕಾಸ, ಲಯ

ಗುಣವರ್ಮನ 'ಶೂದ್ರಕ'ವಾಗಲಿ 'ಹರಿವಂಶ'ವಾಗಲಿ ಇಡಿಯಾಗಿ ನಮ್ಮ ಕೈಸೇರಿಲ್ಲವೆಂಬುದು ವಾಚಕರಿಗೆ ವಿದಿತವಾದ ಸಂಗತಿ. ಮುಂದಿನ ಸಂಕಲನಕಾರರೂ ಲಾಕ್ಷಣಿಕರೂ ಉದ್ಧರಿಸಿಕೊಂಡಿರುವ ಬಿಡಿ ಪದ್ಯಗಳಿಂದಲೇ ಆ ಕಾವ್ಯಗಳ ಸ್ವರೂಪವನ್ನು ನಾವು ಊಹಿಸಬೇಕಾಗಿದೆ. ಅಲ್ಲಿ ನಷ್ಟಕ್ಕೆ ಕಾರಣಗಳು ಸಾವಿರ ವರ್ಷಗಳ ಕಾಲ, ಗೆದ್ದಲು, ಅನಾದರ. ಪ್ರಕೃತ ಲೇಖನದಲ್ಲಿ ಪರಿಶೀಲಿಸಹೊರಟಿರುವ ವಸ್ತುವಿಗೆ ಅಂತಹ ಪ್ರಾಚೀನತೆಯೇನೂ ಇಲ್ಲ. ಅದು ೨೦೦೪ರಲ್ಲಿ ಹುಟ್ಟಿತು, ೨೦೧೪ರಲ್ಲಿ ಮುಗಿಯಿತು. ಅದರಲ್ಲಿ ಬರೆದವರಲ್ಲಿ ಬಹುಮಂದಿ ಇನ್ನೂ ನಡುಹರೆಯವನ್ನೂ ದಾಟಿಲ್ಲ. ಹಾಗಿದ್ದರೂ ಅದರ ಮೂಲಪಾಠ ಇಂದು ಎಲ್ಲಿಯೂ ಓದಲು ದೊರೆಯುವುದಿಲ್ಲ. ಓಲೆಗರಿಯ ಗ್ರಂಥಕ್ಕೆ ಒಂದು ಸಹಸ್ರಮಾನದಲ್ಲಿ ಒದಗಿದ ಗತಿ ಆರ್ಕುಟ್ ಎಂಬ ಈ ಸ್ನೇಹಜಾಲಕ್ಕೆ ಒಂದು ದಶಕದಲ್ಲಿ ಒದಗಿತು. ಆದಕಾರಣ ಇಲ್ಲಿ ಬರೆದಿರುವುದರಲ್ಲಿ ಕೆಲವು ಅಂಶಗಳು ಆ ಕಾಲದ ಪತ್ರಿಕೆಗಳಿಂದ ಬಂದವು, ಕೆಲವು ವಿದ್ವಾಂಸರ ಅಧ್ಯಯನಗಳಿಂದ ಬಂದವು, ಉಳಿದವು ಅದರ ಒಬ್ಬ ಸಾಮಾನ್ಯ ಸದಸ್ಯನ ನೆನಪಿನಿಂದ ಬಂದವು ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುವುದು ಯುಕ್ತ.

ವಸ್ತುವಿಗೆ ಬರುವ ಮೊದಲು ಹೆಸರಿನ ವಿಚಾರವಾಗಿ ಎರಡು ಮಾತು. ಇಂತಹ ಸೇವೆಗಳನ್ನು ಕನ್ನಡದಲ್ಲಿ 'ಸಾಮಾಜಿಕ ಜಾಲತಾಣ'ಗಳೆಂದು ಕರೆಯುವ ರೂಢಿ ಬಿದ್ದಿದೆ. ಈ ಪದವನ್ನು ಟಂಕಿಸಿದವರು ಯಾರೋ ತಿಳಿಯದು. ಆದರೆ ಅವರು ತಮಗರಿವಿಲ್ಲದೆಯೇ ಒಂದು ವಿಮರ್ಶೆಯನ್ನು ಬರೆದರೆಂದು ನಮಗೆ ತೋರುತ್ತದೆ. ಜಾಲವೆಂದರೆ ನಮ್ಮಲ್ಲಿ ಹೆಣಿಗೆಯೂ ಹೌದು, ಬಲೆಯೂ ಹೌದು. ಇಂದ್ರಜಾಲವೆಂಬಲ್ಲಿ ಅದು ಮಾಯೆಯೂ ಹೌದು. ೨೦೦೭ರಲ್ಲಿ ಡೇನಾ ಬಾಯ್ಡ್ ಮತ್ತು ನಿಕೋಲ್ ಎಲಿಸನ್ ಎಂಬ ಅಮೇರಿಕದ ಇಬ್ಬರು ವಿದುಷಿಯರು ಈ ಸೇವೆಗಳಿಗೆ ಲಕ್ಷಣವನ್ನು ಕಟ್ಟಿದರು. ಸದಸ್ಯನು ತನ್ನ ಪರಿಚಯವನ್ನು ಬರೆದಿಡುವ ಪುಟ, ತನ್ನ ಸಂಬಂಧಿಗಳ ಪಟ್ಟಿ, ಆ ಪಟ್ಟಿಯನ್ನೂ ಇತರರ ಪಟ್ಟಿಗಳನ್ನೂ ನೋಡುತ್ತ ಒಂದರಿಂದ ಇನ್ನೊಂದಕ್ಕೆ ಸಂಚರಿಸುವ ಅನುಕೂಲ, ಈ ಮೂರೂ ಕೂಡಿದಲ್ಲಿ ಅಂತಹ ತಾಣವಾಗುತ್ತದೆಂದು ಅವರ ಮತ. ಅವರ ವಾದದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸ ಪರಿಚಯಗಳನ್ನು ಗಳಿಸುವುದು ಇವುಗಳ ಮುಖ್ಯ ಪ್ರಯೋಜನವಲ್ಲ. ಈಗಾಗಲೇ ಇರುವ ಸಂಬಂಧಗಳನ್ನು ಕಣ್ಣಿಗೆ ಕಾಣುವಂತೆ ಮಾಡುವುದೇ ಇವುಗಳ ವೈಶಿಷ್ಟ್ಯ. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆರ್ಕುಟಿನ ಸೊಗಸೂ ಸಂಕಟವೂ ಈ 'ಕಾಣುವಂತೆ ಮಾಡುವ' ಗುಣದಲ್ಲಿಯೇ ಅಡಗಿದ್ದವು.

ಈ ಕಲ್ಪನೆಯ ಮೂಲ ಗಣಕಯಂತ್ರಕ್ಕಿಂತ ಹಳೆಯದು. ಹಂಗೇರಿಯ ಲೇಖಕ ಫ್ರಿಜೆಶ್ ಕಾರಿಂತಿ ೧೯೨೯ರಲ್ಲಿ ಬರೆದ ಒಂದು ಕಥೆಯಲ್ಲಿ, ಲೋಕದ ಯಾವ ಮನುಷ್ಯನನ್ನಾದರೂ ಐದು ಪರಿಚಯಗಳ ಸರಪಳಿಯಿಂದ ಮುಟ್ಟಬಹುದೆಂಬ ಪಂಥವೊಂದು ಬರುತ್ತದೆ. ೧೯೬೭ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಅಮೇರಿಕದ ಮನಶ್ಶಾಸ್ತ್ರಜ್ಞನು ಇದನ್ನು ಅಂಚೆಯ ಮೂಲಕ ಪರೀಕ್ಷಿಸಿದ ವರದಿಯನ್ನು ಪ್ರಕಟಿಸಿದನು. ಬಾಸ್ಟನ್ ನಗರದಲ್ಲಿ ಕೆಲಸಮಾಡುವ ಒಬ್ಬ ಷೇರು ದಲ್ಲಾಳಿಗೆ ಪತ್ರ ತಲಪಬೇಕು. ಆದರೆ ಕಳುಹಿಸುವವನು ತನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವುಳ್ಳವರ ಕೈಗೆ ಮಾತ್ರ ಅದನ್ನು ದಾಟಿಸಬೇಕು. ೧೯೬೯ರಲ್ಲಿ ಅವನೂ ಜೆಫ್ರಿ ಟ್ರಾವರ್ಸ್‌ನೂ ಕೂಡಿ ಪ್ರಕಟಿಸಿದ ವಿವರದ ಪ್ರಕಾರ, ನೆಬ್ರಾಸ್ಕಾ ಪ್ರಾಂತದಲ್ಲಿಯೂ ಬಾಸ್ಟನ್ನಿನಲ್ಲಿಯೂ ಆರಿಸಿದ ೨೯೬ ಜನರಿಂದ ಆರಂಭವಾಗಿ, ೬೪ ಪತ್ರಗಳು ಗುರಿ ಮುಟ್ಟಿದವು. ಮುಟ್ಟಿದ ಸರಪಳಿಗಳಲ್ಲಿ ನಡುವಣ ಕೊಂಡಿಗಳ ಸರಾಸರಿ ಸುಮಾರು ಐದು. 'ಆರೇ ಹೆಜ್ಜೆಗಳಲ್ಲಿ ಜಗತ್ತು' ಎಂಬ ಜನಜನಿತ ಮಾತಿಗೆ ಇದೇ ಆಧಾರ. ತಲಪದೆ ಹೋದ ೨೩೨ ಪತ್ರಗಳ ಗತಿಯೇನೆಂದು ಆ ಮಾತನ್ನಾಡುವವರು ಕೇಳುವುದಿಲ್ಲ. ಸ್ನೇಹದ ಸರಪಳಿ ಗಿಡ್ಡವೆಂಬುದಷ್ಟನ್ನೇ ಕಂಡು, ಅದು ಬಹುಪಾಲು ನಡುವೆಯೇ ಕಡಿಯುತ್ತದೆಂಬುದನ್ನು ಕಾಣದ ಈ ಉತ್ಸಾಹವೇ ಮುಂದೆ ಅನೇಕ ವಾಣಿಜ್ಯಗಳಿಗೆ ಬಂಡವಾಳವಾಯಿತು. ೧೯೯೭ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಇಂತಹ ಒಂದು ತಾಣಕ್ಕೆ 'ಆರು ಹೆಜ್ಜೆ' ಎಂಬರ್ಥದ ಹೆಸರನ್ನೇ ಇಟ್ಟಿದ್ದರು. ಅದು ಮೂರು ನಾಲ್ಕು ವರ್ಷಗಳಲ್ಲಿ ಕಣ್ಣುಮುಚ್ಚಿತು. ೨೦೦೨ರಲ್ಲಿ ಜೊನಾಥನ್ ಅಬ್ರಾಮ್ಸ್ ಕಟ್ಟಿದ ಫ್ರೆಂಡ್‌ಸ್ಟರ್ ಒಮ್ಮೆಲೇ ಪ್ರಸಿದ್ಧಿಗೆ ಬಂದಿತು. ಗೂಗಲ್ ಸಂಸ್ಥೆ ೨೦೦೩ರಲ್ಲಿ ಅದನ್ನು ಮೂರು ಕೋಟಿ ಡಾಲರುಗಳಿಗೆ ಕೊಳ್ಳಬಯಸಿತೆಂದೂ ಅಬ್ರಾಮ್ಸ್ ಒಪ್ಪಲಿಲ್ಲವೆಂದೂ ಆಗಿನ ಪತ್ರಿಕೆಗಳು ಬರೆದವು. ಕೊಳ್ಳಲಾಗದ್ದನ್ನು ಕಟ್ಟಿಕೊಳ್ಳುವುದು ಲೋಕಾರೂಢಿ.

ಆರ್ಕುಟ್ ಎಂಬುದು ವ್ಯಕ್ತಿನಾಮ. ಆರ್ಕುಟ್ ಬ್ಯೂಯುಕ್ಕೋಕ್ಟೆನ್ ತುರ್ಕಿ ದೇಶದ ಕೋನ್ಯಾ ನಗರದಲ್ಲಿ ಹುಟ್ಟಿದವನು; ಬಾಲ್ಯದ ಕೆಲವು ವರ್ಷಗಳನ್ನು ಜರ್ಮನಿಯಲ್ಲಿ ಕಳೆದು, ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದಲ್ಲಿ ಓದಿ, ಡಾಕ್ಟರೇಟಿಗಾಗಿ ಅಮೇರಿಕದ ಸ್ಟ್ಯಾನ್‌ಫರ್ಡ್ ಸೇರಿದನು. ಮೂರು ದೇಶಗಳ ನೀರು ಕುಡಿದ ಪರದೇಶಿ ವಿದ್ಯಾರ್ಥಿಗೆ ಪರಿಚಯಗಳ ಬೆಲೆ ಏನೆಂಬುದು ಹೊರನಾಡಿನಲ್ಲಿರುವ ನಮಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ. ೨೦೦೧ರಲ್ಲಿ ಅವನು ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳಿಗಾಗಿ 'ಕ್ಲಬ್ ನೆಕ್ಸಸ್' ಎಂಬ ಸಣ್ಣ ಜಾಲವೊಂದನ್ನು ರಚಿಸಿದನು. ಎರಡು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು ಅದರಲ್ಲಿ ಸೇರಿಕೊಂಡರು. ಅವನೂ ಇತರ ಇಬ್ಬರು ಸಂಶೋಧಕರೂ ಅದರ ಅಂಕಿ ಅಂಶಗಳನ್ನಿಟ್ಟುಕೊಂಡು ೨೦೦೩ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಈ ನಡುವೆ ಗೆಳೆಯನೊಬ್ಬನೊಡನೆ ಕೂಡಿ ಒಂದು ಉದ್ಯಮವನ್ನು ಆರಂಭಿಸಿ, ಅದನ್ನು ಬಿಟ್ಟು, ೨೦೦೨ರಲ್ಲಿ ಗೂಗಲ್ ಸೇರಿದ್ದನು. ನೌಕರರು ತಮ್ಮ ವೇಳೆಯ ಐದನೆಯ ಒಂದು ಪಾಲನ್ನು ಸ್ವಂತ ಕಲ್ಪನೆಗಳಿಗೆ ವಿನಿಯೋಗಿಸಬಹುದೆಂಬ ನಿಯಮ ಅಲ್ಲಿತ್ತು. ಆ ಬಿಡುವಿನ ಫಲವಾಗಿ ೨೦೦೪ರ ಜನವರಿಯಲ್ಲಿ ಅವನ ಹೆಸರನ್ನೇ ಹೊತ್ತ ತಾಣ ತೆರೆಯಿತು. ಹಾರ್ವರ್ಡಿನಲ್ಲಿ ಫೇಸ್‌ಬುಕ್ ಹುಟ್ಟಿದ್ದು ಆ ಮುಂದಿನ ತಿಂಗಳಲ್ಲಿ. ಹಿಂದಿನ ಉದ್ಯಮದವರು ತಮ್ಮ ತಂತ್ರಾಂಶವನ್ನೇ ಇಲ್ಲಿ ಬಳಸಲಾಗಿದೆಯೆಂದು ಅದೇ ವರ್ಷ ಗೂಗಲ್ ಮೇಲೆ ದಾವೆ ಹೂಡಿದರು. ಅವರು ಮುಂದಿಟ್ಟ ಪ್ರಮಾಣ ಗ್ರಂಥಸಂಪಾದಕರಿಗೆ ಸ್ವಾರಸ್ಯವಾಗಿ ಕಾಣುವಂಥದು: ಎರಡು ತಂತ್ರಾಂಶಗಳಲ್ಲಿಯೂ ಒಂದೇ ಬಗೆಯ ದೋಷಗಳು ಒಂದೇ ರೀತಿಯಲ್ಲಿ ಇವೆಯೆಂಬುದು. ಲಿಪಿಕಾರರ ಸಮಾನಸ್ಖಾಲಿತ್ಯಗಳಿಂದ ಪ್ರತಿಗಳ ವಂಶಾವಳಿಯನ್ನು ಗುರುತಿಸುವ ನಮ್ಮ ಹಳೆಯ ಪದ್ಧತಿಯೇ ಇದು.

ಆರ್ಕುಟ್ ಪ್ರವೇಶಕ್ಕೆ ಆರಂಭದಲ್ಲಿ ಆಮಂತ್ರಣ ಬೇಕಾಗಿತ್ತು. ಒಳಗಿರುವವನೊಬ್ಬನು ಕರೆದ ಹೊರತು ಹೊರಗಿನವನು ಬರುವಂತಿರಲಿಲ್ಲ. ೨೦೦೬ರ ಅಕ್ಟೋಬರಿನವರೆಗೂ ಈ ನಿಯಮವಿತ್ತು. ಇದು ಮನೆತನದ ಮದುವೆಯ ಕರೆಯೋಲೆಯಂತೆ, ಅಥವಾ ನಮ್ಮ ಹಿರಿಯರು ಊರಿನಿಂದ ಮುಂಬಯಿಗೆ ಹೊರಡುವಾಗ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ ಪರಿಚಯಪತ್ರದಂತೆ ಕೆಲಸಮಾಡಿತು. ಕರೆದವನ ಮರ್ಯಾದೆ ಬಂದವನ ನಡತೆಗೆ ಒತ್ತೆಯಾಗುತ್ತಿತ್ತು. ಯಂತ್ರಗಳು ಜನರ ನೂಕನ್ನು ತಾಳಲಾರದೆ ಆಗಾಗ ಕೈಚೆಲ್ಲುತ್ತಿದ್ದವು. ಆಗ ತೆರೆಯ ಮೇಲೆ, ಮೊಂಡು ಹುಡುಗನನ್ನು ಗದರಿಸುವಂತೆ ಯಂತ್ರವನ್ನೇ ಗದರಿಸಿ, ಅದಕ್ಕಿಂದು ಸಿಹಿತಿಂಡಿ ಇಲ್ಲವೆಂದು ಹೇಳುವ ಸಂದೇಶ ಬರುತ್ತಿತ್ತು. ಇಂತಹ ಮನೆಮಾತಿನ ಸಲುಗೆ ಇಂದಿನ ಮಹಾಸಂಸ್ಥೆಗಳಲ್ಲಿ ಕಾಣದು.

ಇನ್ನು ಅದರ ರಚನೆಯನ್ನು ವಿಚಾರಿಸೋಣ. ಇದುವರೆಗಿನ ಬರಹಗಾರರು ಆರ್ಕುಟಿನ ಸದಸ್ಯಸಂಖ್ಯೆಯ ವಿಷಯವಾಗಿ ಸಾಕಷ್ಟು ಬರೆದಿದ್ದಾರೆ. ಅಲ್ಲಿ ನಡೆಯುತ್ತಿದ್ದ ಬರವಣಿಗೆಯ ಪ್ರಕಾರಗಳನ್ನು ಕುರಿತು ಬರೆದವರು ಕಡಿಮೆ. ನಮ್ಮ ದೃಷ್ಟಿಯಲ್ಲಿ ಅದೇ ಮುಖ್ಯ.

ಅಲ್ಲಿ ಮೂರು ಪ್ರಕಾರಗಳಿದ್ದವು. ಮೊದಲನೆಯದು 'ಸ್ಕ್ರ್ಯಾಪ್'. ಪ್ರತಿಯೊಬ್ಬ ಸದಸ್ಯನಿಗೂ ಒಂದು ಸ್ಕ್ರ್ಯಾಪ್‌ಬುಕ್, ಎಂದರೆ ಯಾರು ಬೇಕಾದರೂ ಬಂದು ನಾಲ್ಕು ಸಾಲು ಗೀಚಿ ಹೋಗಬಹುದಾದ ಕಡತ. ಅದು ಕಾರ್ಡಿನ ಜಾತಿಗೆ ಸೇರಿದ್ದು, ಲಕೋಟೆಯ ಜಾತಿಗಲ್ಲ. ಬರೆದದ್ದನ್ನು ದಾರಿಹೋಕರೆಲ್ಲ ಓದಬಹುದಾಗಿತ್ತು. ಖಾಸಗಿತನದ ಅಗುಳಿಗಳನ್ನು ಹಾಕಿದ್ದು ಬಹಳ ತಡವಾಗಿ. ಆದರೆ ಇದರಲ್ಲಿ ಒಂದು ಚಮತ್ಕಾರವಿತ್ತು. ನನ್ನ ಕಡತದಲ್ಲಿ ಗೆಳೆಯನು ಬರೆದದ್ದಕ್ಕೆ ನಾನು ಉತ್ತರ ಬರೆಯಬೇಕಾದದ್ದು ಅವನ ಕಡತದಲ್ಲಿ. ಹೀಗಾಗಿ ಸಂಭಾಷಣೆಯ ಅರ್ಧ ಅವನ ಮನೆಯಲ್ಲಿ, ಅರ್ಧ ನನ್ನ ಮನೆಯಲ್ಲಿ. ಮೂರನೆಯವನು ಇಬ್ಬರ ಮಾತನ್ನೂ ಕೂಡಿಸಿ ಓದಬೇಕಾದರೆ ಎರಡು ಮನೆಗಳ ನಡುವೆ ಓಡಾಡಬೇಕು. ದೂರವಾಣಿಯಲ್ಲಿ ಒಬ್ಬನು ಆಡುವ ಮಾತನ್ನಷ್ಟೇ ಪಕ್ಕದಲ್ಲಿ ಕುಳಿತು ಕೇಳಿದವನಂತೆ ಸಾಮಾನ್ಯ ವಾಚಕನ ಸ್ಥಿತಿ. "ಆಯಿತು, ಅವಳಿಗೆ ಹೇಳುತ್ತೇನೆ, ಆದರೆ ನೀನು ಸಿಟ್ಟಾಗಬಾರದು" ಎಂಬಂತಹ ಸಾಲು ಒಂದು ಕಡತದಲ್ಲಿ ಒಂಟಿಯಾಗಿ ನಿಂತಿರುತ್ತಿತ್ತು. ಇದು ಯಾರೂ ಉದ್ದೇಶಿಸದೆ ಹುಟ್ಟಿದ ಕಾವ್ಯಗುಣ. ಬಹಿರಂಗದಲ್ಲಿಯೇ ಒಂದು ಮರೆಯನ್ನು ಆ ವಿನ್ಯಾಸ ಒದಗಿಸಿತ್ತು.

ಎರಡನೆಯದು 'ಟೆಸ್ಟಿಮೋನಿಯಲ್'. ಸ್ನೇಹಿತನ ಗುಣಗಳನ್ನು ವರ್ಣಿಸಿ ಬರೆದುಕೊಡುವ ಪ್ರಶಸ್ತಿ. ಸಂಘಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಬಿನ್ನವತ್ತಳೆಗಳನ್ನು ಕೇಳಿ ಕೇಳಿ ಕಿವಿ ಪಳಗಿದ ನಮಗೆ ಈ ಪ್ರಕಾರ ಹೊಸದೇನಲ್ಲ. ಅಲ್ಲಿ ಸನ್ಮಾನಿತರು ಮೊದಲೇ ಒಮ್ಮೆ ಬಿನ್ನವತ್ತಳೆಯನ್ನು ತಿದ್ದಿಕೊಡುವುದುಂಟು. ಇಲ್ಲಿ ಆ ಅಧಿಕಾರವನ್ನು ನಿಯಮವೇ ಕೊಟ್ಟಿತ್ತು. ಒಡೆಯನು ಒಪ್ಪಿದ ಮೇಲೆಯೇ ಪ್ರಶಸ್ತಿ ಪ್ರಕಟವಾಗಬೇಕು. ಪರಿಣಾಮವಾಗಿ ನಿಂದೆಯಂತೂ ಇಲ್ಲವೇ ಇಲ್ಲ, ವ್ಯಾಜನಿಂದೆಯೂ ಅಪರೂಪ. ಕಾಲೇಜು ಮುಗಿಸುವ ಹುಡುಗರು ಒಬ್ಬರಿಗೊಬ್ಬರು ಬರೆದುಕೊಂಡ ಇಂತಹ ನೂರಾರು ಪ್ರಶಸ್ತಿಗಳನ್ನು ಓದಿದ ನೆನಪು ನಮಗಿದೆ. ಎಲ್ಲರೂ ಬಂಗಾರದ ಮನಸ್ಸಿನವರು, ಎಲ್ಲರೂ ಆಪತ್ಕಾಲದ ಬಂಧುಗಳು. ಸಾಹಿತ್ಯದೃಷ್ಟಿಯಿಂದ ಇದರಲ್ಲಿ ಹುರುಳು ಕಡಿಮೆ. ಆದರೆ ಬಳಕೆದಾರರ ಜಾಣ್ಮೆ ವಿನ್ಯಾಸಕಾರನ ಜಾಣ್ಮೆಯನ್ನು ಮೀರಿತು. ಒಪ್ಪಿಗೆಯಾಗುವವರೆಗೆ ಪ್ರಶಸ್ತಿಯನ್ನು ಒಡೆಯನೊಬ್ಬನೇ ಕಾಣುವನಷ್ಟೆ? ಹಾಗಾದರೆ ಗುಟ್ಟಿನ ಮಾತನ್ನು ಪ್ರಶಸ್ತಿಯ ರೂಪದಲ್ಲಿ ಬರೆದು, ಕೊನೆಯಲ್ಲಿ 'ಇದನ್ನು ಒಪ್ಪಬೇಡ' ಎಂದು ಸೇರಿಸಿದರೆ ಮುಗಿಯಿತು. ಬ್ರೆಜಿಲಿನಲ್ಲಿಯೂ ನಮ್ಮಲ್ಲಿಯೂ ಈ ಪದ್ಧತಿ ಹಬ್ಬಿತು. ಆರ್ಕುಟಿನ ಅತ್ಯಂತ ಪ್ರಾಮಾಣಿಕವಾದ ಗದ್ಯ ಎಂದೂ ಪ್ರಕಟವಾಗಬಾರದೆಂದು ಬರೆದ ಈ ಬಿನ್ನವತ್ತಳೆಗಳಲ್ಲಿತ್ತೆಂದು ನಮ್ಮ ಅನುಮಾನ.

ಮೂರನೆಯದು 'ಕಮ್ಯೂನಿಟಿ', ಎಂದರೆ ಒಂದು ವಿಷಯದ ಸುತ್ತ ಕೂಡಿದ ಕೂಟ. ಇವುಗಳಲ್ಲಿ ಗಂಭೀರವಾದ ಚರ್ಚಾಮಂಡಲಗಳೂ ಇದ್ದವು, ಕೇವಲ ಲಾಂಛನಗಳೂ ಇದ್ದವು. ಬೆಳಗ್ಗೆ ಬೇಗ ಏಳುವುದನ್ನು ದ್ವೇಷಿಸುವವರ ಕೂಟವೊಂದು ಬ್ರೆಜಿಲಿನಲ್ಲಿ ಲಕ್ಷಾಂತರ ಸದಸ್ಯರನ್ನು ಪಡೆದಿತ್ತು. ಅಲ್ಲಿ ಸೇರಿದವರು ಚರ್ಚಿಸಲು ಸೇರಿದವರಲ್ಲ. ತಮ್ಮ ಪುಟದಲ್ಲಿ ಆ ಕೂಟದ ಹೆಸರು ಕಾಣಲೆಂದು ಸೇರಿದವರು. ಸದಸ್ಯತ್ವಗಳ ಪಟ್ಟಿಯೇ ಆತ್ಮಚಿತ್ರವಾಯಿತು. ಊರು, ಶಾಲೆ, ಮೆಚ್ಚಿನ ನಟ, ಮೆಚ್ಚಿನ ಕವಿ, ಇವುಗಳನ್ನು ಸಾಲಾಗಿ ಜೋಡಿಸಿ ಒಬ್ಬನು 'ನಾನು ಇಂಥವನು' ಎಂದು ಹೇಳುವ ಈ ಕ್ರಮದಲ್ಲಿ ಬಾಲಿಶತೆಯುಂಟು, ನಿಜ. ಆದರೆ ಒಬ್ಬ ಕನ್ನಡಿಗನು ಪುಣೆಯಲ್ಲಿಯೋ ದೆಹಲಿಯಲ್ಲಿಯೋ ಕುಳಿತು, ತನ್ನ ತಾಲೂಕಿನ ಹೆಸರಿನ ಕೂಟವನ್ನು ಹುಡುಕಿ, ಅಲ್ಲಿ ತನ್ನ ಪ್ರಾಥಮಿಕ ಶಾಲೆಯ ಸಹಪಾಠಿಯ ಮುಖವನ್ನು ಇಪ್ಪತ್ತು ವರ್ಷಗಳ ಮೇಲೆ ಕಂಡ ಗಳಿಗೆಯನ್ನು ಬಾಲಿಶವೆನ್ನಲು ನಮ್ಮ ನಾಲಗೆ ಏಳದು.

ಇವಲ್ಲದೆ ಇನ್ನೆರಡು ಅಂಶಗಳನ್ನು ಹೇಳಲೇಬೇಕು. ಅಪರಿಚಿತನೊಬ್ಬನ ಪುಟವನ್ನು ತೆರೆದರೆ, ನಿಮ್ಮಿಂದ ಅವನವರೆಗಿನ ಪರಿಚಯದ ಸರಪಳಿ ಅಲ್ಲಿಯೇ ಕಾಣುತ್ತಿತ್ತು: ನೀವು, ನಿಮ್ಮ ಗೆಳೆಯ, ಅವನ ಸೋದರಿ, ಅವಳ ಸಹೋದ್ಯೋಗಿ, ಈತ. ಮಿಲ್‌ಗ್ರಾಂ ಮಹಾಶಯನು ಅಂಚೆಚೀಟಿ ಹಚ್ಚಿ ಹುಡುಕಿದ್ದು ಇಲ್ಲಿ ಕ್ಷಣಾರ್ಧದಲ್ಲಿ ಸಾಲಾಗಿ ನಿಲ್ಲುತ್ತಿತ್ತು. ಎರಡನೆಯದಾಗಿ, ಸ್ನೇಹಕ್ಕೆ ತರತಮಗಳಿದ್ದವು. ಭೇಟಿಯಾಗದವನು, ಪರಿಚಿತ, ಸ್ನೇಹಿತ, ಒಳ್ಳೆಯ ಸ್ನೇಹಿತ, ಪರಮಮಿತ್ರ ಎಂದು ಐದು ದರ್ಜೆಗಳು. ಅವುಗಳಲ್ಲಿ ಯಾವುದರಲ್ಲಿ ಇಟ್ಟಿದ್ದೇವೆಂಬುದು ಎದುರಿನವನಿಗೆ ತಿಳಿಯುತ್ತಿರಲಿಲ್ಲ. ಸ್ನೇಹವನ್ನು ದರ್ಜಿಯಂತೆ ಅಳೆದು ಕತ್ತರಿಸುವ ಈ ಏರ್ಪಾಡನ್ನು ಆಗ ಅನೇಕರು ಹಾಸ್ಯಮಾಡಿದರು. ಹಿಂದಿರುಗಿ ನೋಡಿದಾಗ ಅದರಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. 'ಇವನನ್ನು ನಾನು ನೋಡಿಯೇ ಇಲ್ಲ' ಎಂದು ಒಪ್ಪಿಕೊಳ್ಳುವ ಅವಕಾಶವಿತ್ತು. ಮುಂದೆ ಬಂದ ತಾಣಗಳು ಅಕ್ಕಪಕ್ಕದವನನ್ನೂ ಅಣ್ಣತಮ್ಮನನ್ನೂ ರೈಲಿನಲ್ಲಿ ಕಂಡವನನ್ನೂ 'ಫ್ರೆಂಡ್' ಎಂಬ ಒಂದೇ ಗೋಣಿಯಲ್ಲಿ ತುಂಬಿದವು. ಇದರ ಜೊತೆಗೆ ನಂಬಿಕೆ, ಸೊಗಸು, ಚೆಲುವು ಎಂಬ ಮೂರು ಗುಣಗಳಿಗೆ ಸ್ನೇಹಿತರು ಅಂಕ ಕೊಡುವ ವ್ಯವಸ್ಥೆಯೂ ಇತ್ತು; ಅದನ್ನು ಸಮರ್ಥಿಸುವ ಗೋಜಿಗೆ ನಾವು ಹೋಗುವುದಿಲ್ಲ.

ಬೆಳವಣಿಗೆಯ ಕಥೆ ವಿಚಿತ್ರವಾದದ್ದು. ಅಮೇರಿಕದಲ್ಲಿ ಅಮೇರಿಕದವರಿಗಾಗಿ ಹುಟ್ಟಿದ ತಾಣದಲ್ಲಿ ೨೦೦೪ರ ನಡುಭಾಗದ ಹೊತ್ತಿಗೆ ಬ್ರೆಜಿಲಿನವರೇ ಹೆಚ್ಚಾದರು. ಅವರು ಕೂಟಗಳಲ್ಲಿ ತಮ್ಮ ನುಡಿಯಾದ ಪೋರ್ಚುಗೀಸಿನಲ್ಲಿಯೇ ಬರೆಯತೊಡಗಿದರು. ಇಂಗ್ಲಿಷ್ ಸದಸ್ಯರು ಸಿಡಿಮಿಡಿಗೊಂಡರು. ಸಾರ್ವಜನಿಕ ಚಾವಡಿಯಲ್ಲಿ ಪರಭಾಷೆಯೇಕೆಂದು ಆಕ್ಷೇಪಿಸಿದರು. ಆಗ ಬ್ರೆಜಿಲಿನವರು ಬಹುಸಂಖ್ಯಾತರು, ಇಂಗ್ಲಿಷರು ಅಲ್ಪಸಂಖ್ಯಾತರು; ಆದರೂ ಪರಭಾಷೆಯೆನಿಸಿಕೊಂಡದ್ದು ಬಹುಸಂಖ್ಯಾತರ ನುಡಿ. ಭಾಷೆಯ ಒಡೆತನ ತಲೆಯೆಣಿಕೆಯಿಂದ ನಿಶ್ಚಯವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಪರಊರಿನ ಕಟ್ಟಡದ ಮೆಟ್ಟಿಲಲ್ಲಿ ನಿಂತು ತಾಯ್ನುಡಿಯಲ್ಲಿ ಎರಡು ಮಾತು ಗಟ್ಟಿಯಾಗಿ ಆಡಿ, ತಿರುಗಿ ನೋಡಿಸಿಕೊಂಡ ಅನುಭವವುಳ್ಳ ನಮ್ಮ ಓದುಗರಿಗೆ ಆ ಬ್ರೆಜಿಲಿನವರ ಮೇಲೆ ಸಹಜವಾಗಿಯೇ ಅಕ್ಕರೆ ಹುಟ್ಟೀತು. ಅಮೇರಿಕದ ಕೆಲವು ಬರಹಗಾರರು ಬ್ರೆಜಿಲಿನವರಿಂದಲೂ ಭಾರತೀಯರಿಂದಲೂ ಆರ್ಕುಟ್ 'ಕೆಟ್ಟಿತು' ಎಂಬ ಧಾಟಿಯಲ್ಲಿ ಬರೆದದ್ದುಂಟು. ತಮ್ಮವರು ಬಿಟ್ಟುಹೋದ ಮನೆ ಪಾಳುಬಿತ್ತೆಂದು ಭಾವಿಸುವುದು ಒಂದು ದೃಷ್ಟಿದೋಷ. ಮನೆ ಪಾಳುಬಿದ್ದಿರಲಿಲ್ಲ, ಬೇರೆಯವರು ಬಂದು ಸಂಸಾರ ಹೂಡಿದ್ದರು. ಕೊನೆಯ ವರ್ಷಗಳಲ್ಲಿ ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಬ್ರೆಜಿಲಿನವರು, ಸುಮಾರು ಐದನೆಯ ಒಂದು ಪಾಲು ಭಾರತೀಯರು. ೨೦೦೮ರಲ್ಲಿ ಗೂಗಲ್ ಸಂಸ್ಥೆ ಇದರ ಆಡಳಿತವನ್ನೇ ಬ್ರೆಜಿಲಿನ ಬೆಲೋ ಹೊರಿಜೊಂತೆ ನಗರಕ್ಕೆ ವರ್ಗಾಯಿಸಿತು.

ಭಾರತದಲ್ಲಿ ಇದು ಹೀಗೇಕೆ ಹಬ್ಬಿತು? ಸೈಬರ್ ಕೆಫೆಗಳ ಅಗ್ಗದ ದರ, ಕಾಲೇಜು ತರುಣರ ಕುತೂಹಲ ಮುಂತಾದ ಕಾರಣಗಳನ್ನು ಕೊಡುವುದು ವಾಡಿಕೆ. ಅವು ಸುಳ್ಳಲ್ಲ, ಆದರೆ ಅವು ಎಲ್ಲ ತಾಣಗಳಿಗೂ ಅನ್ವಯಿಸುವ ಕಾರಣಗಳು. ಮಾರ್ಕ್ ಗ್ರ್ಯಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞನು ೧೯೭೩ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇಲ್ಲಿ ನೆರವಿಗೆ ಬರುತ್ತದೆ. ಪರಿಚಿತರ ಮೂಲಕ ಉದ್ಯೋಗ ಪಡೆದವರನ್ನು ಅವನು ವಿಚಾರಿಸಿದಾಗ, ಆ ಪರಿಚಿತನನ್ನು ಅಡಿಗಡಿಗೆ ಕಾಣುತ್ತಿದ್ದೆವೆಂದವರು ಶೇಕಡ ೧೬.೭ ಮಾತ್ರ, ಆಗೊಮ್ಮೆ ಈಗೊಮ್ಮೆ ಎಂದವರು ೫೫.೬, ಅಪರೂಪವಾಗಿ ಎಂದವರು ೨೭.೮. ಗಟ್ಟಿಯಾದ ನಂಟಿಗಿಂತ ಸಡಿಲವಾದ ನಂಟೇ ಹೊಸ ಸುದ್ದಿಯನ್ನು ತರುತ್ತದೆಂದು ಅವನ ಸಿದ್ಧಾಂತ. ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದು, ಫೋರ್ಟ್ ವಿಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಬ್ಯಾಂಕು ಕಚೇರಿಗಳನ್ನು ಸೇರಿದ ತಲೆಮಾರಿಗೆ ಈ ಸಿದ್ಧಾಂತವನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಮಾವನ ಊರಿನವನ ಪರಿಚಯದವನು ಎಂಬ ಎಳೆಯನ್ನು ಹಿಡಿದೇ ಅವರು ಬೋರಿಬಂದರಿನಲ್ಲಿ ಇಳಿದದ್ದು. ಆರ್ಕುಟ್ ಈ ಸಡಿಲ ಎಳೆಗಳನ್ನು, ಅದುವರೆಗೆ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇದ್ದವನ್ನು, ತೆರೆಯ ಮೇಲೆ ಬರೆದು ತೋರಿಸಿತು. ವಲಸೆಯೇ ಬದುಕಾದ ಸಮಾಜದಲ್ಲಿ ಅದು ಬೇರೂರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ಖೇದವನ್ನೂ ದಾಖಲಿಸಬೇಕು. ಅಲ್ಲಿ ನಮ್ಮ ತರುಣರು ಬರೆದ ಕನ್ನಡ ಬಹುಪಾಲು ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡ. ಮಹಾಪ್ರಾಣವಿಲ್ಲ, ದೀರ್ಘವಿಲ್ಲ, ಳಕಾರವೂ ಲಕಾರವೂ ಒಂದೇ. ಇಷ್ಟು ಹೇರಳವಾದ ಆಡುಗನ್ನಡದ ಗದ್ಯ ಹಿಂದೆಂದೂ ಬರಹಕ್ಕೆ ಇಳಿದಿರಲಾರದು. ಅದು ಇಳಿದದ್ದು ಹೀಗೆ ಅನ್ಯವೇಷದಲ್ಲಿ. ಉಪಭಾಷಾ ಸಂಶೋಧಕರಿಗೆ ಅದೊಂದು ಗಣಿಯಾಗುತ್ತಿತ್ತು.

ಕಾಣುವಂತೆ ಮಾಡುವುದರ ಇನ್ನೊಂದು ಮುಖ ಬೇಗನೆ ತಲೆದೋರಿತು. ಸ್ನೇಹವನ್ನು ಬಹಿರಂಗಗೊಳಿಸುವ ಯಂತ್ರ ದ್ವೇಷವನ್ನೂ ಅಷ್ಟೇ ಸಲೀಸಾಗಿ ಬಹಿರಂಗಗೊಳಿಸಿತು. ಭಾರತದ್ವೇಷದ ಹೆಸರು ಹೊತ್ತ ಕೂಟವೊಂದರ ವಿಷಯವಾಗಿ ೨೦೦೬ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ನೋಟೀಸು ಹೊರಡಿಸಿತು. ೨೦೦೭ರಲ್ಲಿ ಶಿವಾಜಿ ಮಹಾರಾಜರನ್ನೂ ಬಾಳ ಠಾಕರೆಯವರನ್ನೂ ಕುರಿತ ಬರಹಗಳ ನೆವದಿಂದ ಠಾಣೆಯ ಕಡೆ ಸೈಬರ್ ಕೆಫೆಗಳ ಮೇಲೆ ದಾಳಿಗಳಾದವು. ಕೇರಳದ ೧೯ ವರ್ಷದ ವಿದ್ಯಾರ್ಥಿಯೊಬ್ಬನು ಶಿವಸೇನೆಯ ವಿರುದ್ಧ ಕೂಟವೊಂದನ್ನು ಆರಂಭಿಸಿ, ಅಲ್ಲಿ ಇತರರು ಬರೆದ ಮಾತುಗಳಿಗಾಗಿ ಮೊಕದ್ದಮೆಗೆ ಒಳಗಾದನು. ೨೦೦೯ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಲು ನಿರಾಕರಿಸಿತು. ಚಾವಡಿ ಕಟ್ಟಿಸಿದವನು ಅಲ್ಲಿ ಕುಳಿತು ಬೈದವನ ಬಾಯಿಗೂ ಹೊಣೆಯೇ ಎಂಬ ಪ್ರಶ್ನೆ ಆಗ ನಮ್ಮ ದೇಶದಲ್ಲಿ ಹೊಸದು.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ಬೆಂಗಳೂರಿನ ತಂತ್ರಜ್ಞನೊಬ್ಬನ ಪ್ರಕರಣ. ಆರ್ಕುಟಿನಲ್ಲಿ ಶಿವಾಜಿ ಮಹಾರಾಜರ ಅವಹೇಳನಕರ ಚಿತ್ರವೊಂದು ಕಾಣಿಸಿಕೊಂಡಿತು. ಪುಣೆಯ ಪೊಲೀಸರು ಅದು ಯಾವ ಗಣಕದಿಂದ ಹೊರಟಿತೆಂದು ಅದರ ಅಂಕಿವಿಳಾಸವನ್ನು ಪಡೆದು, ಆ ಹೊತ್ತಿನಲ್ಲಿ ಆ ವಿಳಾಸ ಯಾರದಾಗಿತ್ತೆಂದು ಅಂತರ್ಜಾಲ ಸೇವೆಯವರನ್ನು ಕೇಳಿದರು. ಬಂದ ಉತ್ತರ ತಪ್ಪಾಗಿತ್ತು. ೨೦೦೭ರ ಆಗಸ್ಟ್ ಕೊನೆಯಲ್ಲಿ ಆ ತರುಣನನ್ನು ಬೆಂಗಳೂರಿನ ಮನೆಯಿಂದ ಹಿಡಿದು ಪುಣೆಗೆ ಒಯ್ದರು. ಏನೂ ಮಾಡದ ಅವನು ಯೆರವಡಾ ಕಾರಾಗೃಹದಲ್ಲಿ ಸುಮಾರು ಐವತ್ತು ದಿನ ಕಳೆದನು. ಪರಿಚಯಗಳ ಸರಪಳಿಯನ್ನು ಹೆಸರು ಹೆಸರಾಗಿ ತೋರಿಸಬಲ್ಲ ಯಂತ್ರಕ್ಕೆ, ಆಪಾದನೆಯ ಗಳಿಗೆಯಲ್ಲಿ ಮನುಷ್ಯನು ಹೆಸರೂ ಅಲ್ಲ ಮುಖವೂ ಅಲ್ಲ, ಒಂದು ಸಾಲು ಅಂಕಿ. ಮಿಲ್‌ಗ್ರಾಂನ ಪತ್ರಗಳಂತೆ ಇಲ್ಲಿಯೂ ಒಂದು ಕೊಂಡಿ ತಪ್ಪಿತು. ಆದರೆ ಈ ಪತ್ರ ನಡುವೆ ಕಳೆದುಹೋಗಲಿಲ್ಲ, ಬೇರೊಬ್ಬನ ಬಾಗಿಲನ್ನು ತಟ್ಟಿತು.

ಅವನತಿಯ ಕಾರಣವನ್ನು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಫೇಸ್‌ಬುಕ್ ಬಂದಿತು, ಆರ್ಕುಟ್ ಹೋಯಿತು ಎಂದು. ಅಂಕಿಗಳು ಹಾಗೆಯೇ ಹೇಳುತ್ತವೆ. ೨೦೧೦ರ ಜುಲೈಯಲ್ಲಿ ಭಾರತದಲ್ಲಿ ಫೇಸ್‌ಬುಕ್ಕಿಗೆ ಬಂದವರು ೨ ಕೋಟಿ ೯ ಲಕ್ಷ, ಆರ್ಕುಟಿಗೆ ಬಂದವರು ೧ ಕೋಟಿ ೯೯ ಲಕ್ಷವೆಂದು ಕಾಮ್‌ಸ್ಕೋರ್ ಸಂಸ್ಥೆ ಲೆಕ್ಕಹಾಕಿತು; ಬ್ರೆಜಿಲಿನಲ್ಲಿ ಇದೇ ತಿರುವು ಬಂದದ್ದು ೨೦೧೧ರ ಕೊನೆಗೆ. ಆದರೆ ಕಾರಣವನ್ನು ರಚನೆಯಲ್ಲಿ ಹುಡುಕಬೇಕು. ಆರ್ಕುಟ್ ಭೇಟಿಯ ತಾಣ. ಗೆಳೆಯನ ಸಮಾಚಾರ ಬೇಕಾದರೆ ಅವನ ಪುಟಕ್ಕೆ ನಾವೇ ಹೋಗಬೇಕು. ಹೋದದ್ದು 'ಇತ್ತೀಚೆಗೆ ಬಂದವರು' ಎಂಬ ಪಟ್ಟಿಯಲ್ಲಿ ಅವನಿಗೆ ತಿಳಿಯುವುದು. ತಿಳಿದ ಮೇಲೆ ಅವನೂ ಒಮ್ಮೆ ಬರುವನು. ಹೋಗಿಬರುವ ಈ ಋಣವೇ ಅಲ್ಲಿನ ನೀತಿಯಾಗಿತ್ತು. ಫೇಸ್‌ಬುಕ್ ೨೦೦೬ರ ಸೆಪ್ಟೆಂಬರಿನಲ್ಲಿ 'ನ್ಯೂಸ್ ಫೀಡ್' ಎಂಬುದನ್ನು ಆರಂಭಿಸಿತು. ಅಂದಿನಿಂದ ಯಾರ ಮನೆಗೂ ಹೋಗಬೇಕಾಗಿಲ್ಲ. ಎಲ್ಲರ ಮನೆಯ ಸುದ್ದಿಯೂ ನಮ್ಮ ಜಗಲಿಗೆ ತಾನಾಗಿ ಬಂದು ಬೀಳುತ್ತದೆ. ಮೊದಲ ದಿನಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಇದನ್ನು ಪ್ರತಿಭಟಿಸಿದರು. ಆಮೇಲೆ ಅದೇ ಅಭ್ಯಾಸವಾಯಿತು. ಹೋಗಿ ನೋಡುವ ಶ್ರಮಕ್ಕಿಂತ ಕುಳಿತು ನೋಡುವ ಸುಖ ಹೆಚ್ಚು ಜನರಿಗೆ ಹಿಡಿಸಿತು. ಇದನ್ನು ಪ್ರಗತಿಯೆನ್ನುವವರು ಎನ್ನಲಿ. ಭೇಟಿಗೂ ಸುದ್ದಿಗೂ ಇರುವ ಭೇದವನ್ನು ಮರೆಯಬಾರದು. ಆರ್ಕುಟಿನ ಒಡೆಯರಿಗೂ ತಮ್ಮ ಕೂಸಿನ ಮೇಲೆ ಅಕ್ಕರೆ ಉಳಿದಿರಲಿಲ್ಲ. ೨೦೧೧ರಲ್ಲಿ ಅವರು ಗೂಗಲ್ ಪ್ಲಸ್ ಎಂಬ ಇನ್ನೊಂದು ಜಾಲವನ್ನು ಹೆತ್ತರು. ಮಲತಾಯಿಯ ಮನೆಯ ಮಗುವಿನಂತೆ ಆರ್ಕುಟ್ ಮೂಲೆ ಸೇರಿತು. ಆ ಎರಡನೆಯ ಕೂಸೂ ಸಾಮಾನ್ಯ ಬಳಕೆದಾರರ ಪಾಲಿಗೆ ೨೦೧೯ರ ಏಪ್ರಿಲಿನಲ್ಲಿ ಮುಗಿಯಿತು.

೨೦೧೪ರ ಜೂನ್ ೩೦ರಂದು ಆರ್ಕುಟನ್ನು ಮುಚ್ಚುವ ಸುದ್ದಿ ಪ್ರಕಟವಾಯಿತು. ಸೆಪ್ಟೆಂಬರ್ ೩೦ರಂದು ಅದು ಮುಚ್ಚಿತು. ಸದಸ್ಯರು ತಮ್ಮ ಬರಹಗಳ ಪ್ರತಿಯನ್ನು ಇಳಿಸಿಕೊಳ್ಳಲು ೨೦೧೬ರ ಸೆಪ್ಟೆಂಬರಿನವರೆಗೆ ಅವಕಾಶವಿತ್ತು. ಬಹಿರಂಗ ಕೂಟಗಳ ಚರ್ಚೆಗಳನ್ನು ಒಂದು ಪ್ರಾಚ್ಯಸಂಗ್ರಹದಂತೆ ಕೆಲವು ಕಾಲ ಇಡಲಾಗಿತ್ತು. ಐದು ಕೋಟಿಗೂ ಮಿಕ್ಕ ಕೂಟಗಳು, ನೂರು ಕೋಟಿಗೂ ಮಿಕ್ಕ ಸಂದೇಶಗಳು. ಕೆಲವೇ ವರ್ಷಗಳಲ್ಲಿ ಅದನ್ನೂ ತೆಗೆದರು. ಕಾನೂನಿನ ದೃಷ್ಟಿಯಿಂದ ಇದರಲ್ಲಿ ಆಕ್ಷೇಪಿಸುವುದಕ್ಕೆ ಏನೂ ಇಲ್ಲ. ಬಾಡಿಗೆ ಕೊಡದೆ ಇದ್ದ ಮನೆ, ಮುಂಚಿತವಾಗಿ ನೋಟೀಸು ಕೊಟ್ಟು ಬಿಡಿಸಿದರು. ಆದರೆ ಒಂದು ತಲೆಮಾರಿನ ಪತ್ರವ್ಯವಹಾರದ ಬಹುಭಾಗ ಒಂದೇ ಕಪಾಟಿನಲ್ಲಿ, ಒಂದೇ ಬೀಗದ ಕೈಯಲ್ಲಿ ಇತ್ತೆಂಬುದು ಆ ದಿನ ಮಾತ್ರ ಎಲ್ಲರ ಅರಿವಿಗೆ ಬಂದಿತು. ನಮ್ಮ ಹಿರಿಯರ ಕಾಗದಗಳು ಒಂದು ಮನೆಯಲ್ಲಿ ನೆನೆದು ಹಾಳಾದರೆ ಇನ್ನೊಂದು ಮನೆಯ ಅಟ್ಟದಲ್ಲಿ ಉಳಿಯುತ್ತಿದ್ದವು.

ಈ ಲೇಖಕನ ಬಾಲ್ಯಸ್ನೇಹಿತನೊಬ್ಬನು ೨೦೦೯ರಲ್ಲಿ ತೀರಿಕೊಂಡನು. ಕೊನೆಯ ಎರಡು ವರ್ಷ ಅವನು ಹೈದರಾಬಾದಿನ ಆಸ್ಪತ್ರೆಯ ಹಾಸಿಗೆಯಿಂದಲೂ ಸ್ಕ್ರ್ಯಾಪುಗಳನ್ನು ಬರೆಯುತ್ತಿದ್ದನು; ಅವನು ಬರೆದದ್ದು ನನ್ನ ಕಡತದಲ್ಲಿ, ನಾನು ಬರೆದದ್ದು ಅವನ ಕಡತದಲ್ಲಿ. ಅವನು ಹೋದ ಮೇಲೆಯೂ ಹಬ್ಬದ ದಿನಗಳಲ್ಲಿ ಯಾರು ಯಾರೋ ಅವನ ಕಡತಕ್ಕೆ ಬಂದು, ಸುದ್ದಿ ತಿಳಿಯದೆ, ಥಳಥಳಿಸುವ ಯುಗಾದಿಯ ಚಿತ್ರಗಳನ್ನು ಅಂಟಿಸಿ ಹೋಗುತ್ತಿದ್ದರು. ಪ್ರತಿಯನ್ನು ಇಳಿಸಿಕೊಳ್ಳಬಹುದೆಂಬ ಪ್ರಕಟಣೆಯನ್ನು ನಾನು ಸಕಾಲದಲ್ಲಿಯೇ ಓದಿದ್ದೆ. ಮುಂದಿನ ವಾರ ಮಾಡೋಣವೆಂದು ಎರಡು ವರ್ಷ ಕಳೆದೆ. ಆಲಸ್ಯ ನನ್ನದೇ, ಯಾರನ್ನೂ ದೂರುವಂತಿಲ್ಲ. ಒಂದು ವೇಳೆ ನೆನಪಿಟ್ಟು ಇಳಿಸಿಕೊಂಡಿದ್ದರೂ ನನಗೆ ಸಿಗುತ್ತಿದ್ದದ್ದು ನನ್ನ ಕಡತ, ಎಂದರೆ ಅವನ ಮಾತುಗಳು. ಅವಕ್ಕೆ ನಾನು ಏನು ಉತ್ತರ ಕೊಟ್ಟಿದ್ದೆನೆಂಬುದು ಅವನ ಕಡತದಲ್ಲಿತ್ತು.